ಮೂರು ವರ್ಷದ ಬಿ.ಕಾಂ. ಸಾಕಾ, ನಾಲ್ಕನೇ ವರ್ಷದ ಆನರ್ಸ್ ಬೇಕಾ? ಶಿರಸಿ, ಕಾರವಾರ ಕಡೆಯ ಮಕ್ಕಳಿಗೆ

ಪಿಯುಸಿ ರಿಸಲ್ಟ್ ಬಂದು ಒಂದು ವಾರವಾದರೆ ಸಾಕು, ನಮ್ಮ ಮನೆ ಜಗಲಿಯಲ್ಲಿ ಜನ ಶುರು. ನಾನು ಶಿರಸಿಯಲ್ಲಿ ಕಾಮರ್ಸ್ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಅಂದರೆ ಸಂಬಳ ಕಡಿಮೆ, ಸಲಹೆ ಕೇಳುವವರು ಜಾಸ್ತಿ. ಈ ಸಲ ಮೊದಲು ಬಂದವರು ಸಿದ್ದಾಪುರ ಕಡೆಯ ಒಬ್ಬರು ಹೆಗಡೇರು. ಕವಳದ ಸಂಚಿ ಬದಿಗಿಟ್ಟು ಕೇಳಿದರು: "ಮಾಣಿಗೆ ಆನರ್ಸೇ ಬೇಕಡ ಮೇಡಂ. ಎಂತದು ಅದು? ಡಿಗ್ರಿಗಿಂತ ದೊಡ್ಡದಾ?"

ಮಾಣಿ, ಅಂದರೆ ಅವರ ಹುಡುಗ, ಬಾಗಿಲ ಹತ್ತಿರ ನಿಂತು ಮೊಬೈಲ್ ನೋಡುತ್ತಿದ್ದ. ಯಾಕೆ ಬೇಕು ಎಂದು ಅವನನ್ನೇ ಕೇಳಿದೆ. "ಹೆಸರಿನ ಮುಂದೆ ಆನರ್ಸ್ ಅಂತ ಇದ್ದರೆ ವ್ಯಾಲ್ಯೂ ಜಾಸ್ತಿ ಅಲ್ವಾ ಮೇಡಂ" ಅಂದ.

ಅವನ ತಪ್ಪಿಲ್ಲ. ಮೂರು ವರ್ಷದ ಡಿಗ್ರಿ, ನಾಲ್ಕು ವರ್ಷದ ಡಿಗ್ರಿ, ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ), ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಎಂದು ಇಷ್ಟೆಲ್ಲ ಅದಲು ಬದಲು ಆದ ಮೇಲೆ ಪಾಠ ಮಾಡುವ ನಮಗೇ ಒಂದೊಂದು ಸಲ ತಲೆ ಗಿರ್ ಅನ್ನುತ್ತದೆ. ಅವತ್ತು ಅವರಿಬ್ಬರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ.

ಹೆಸರು ಒಂದೇ, ಅರ್ಥ ಬೇರೆ ಬೇರೆ

ದೆಹಲಿ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಆನರ್ಸ್ ಅನ್ನುವುದು ಹಳೇ ಕೋರ್ಸು. ಅಲ್ಲಿ ಅದು ಮೊದಲು ಮೂರೇ ವರ್ಷದ್ದಾಗಿತ್ತು. ಒಂದು ವಿಷಯವನ್ನು ಆಳವಾಗಿ ಓದಿದವರಿಗೆ ಆನರ್ಸ್, ಉಳಿದವರಿಗೆ ಬರೀ ಬಿ.ಕಾಂ. 2022-23ರಿಂದ ಅಲ್ಲಿಯೂ ನಾಲ್ಕು ವರ್ಷದ ಪದ್ಧತಿ ಬಂತು. ಅಮೆರಿಕದ ಬಿಸಿನೆಸ್ ಸ್ಕೂಲುಗಳಲ್ಲಿ ಲೆಕ್ಕವೇ ಬೇರೆ. ಅಲ್ಲಿ ಡಿಗ್ರಿಯೇ ನಾಲ್ಕು ವರ್ಷದ್ದು. ಅದರೊಳಗೇ ಚೆನ್ನಾಗಿ ಓದುವ ಕೆಲವರನ್ನು ಆರಿಸಿ ಸಣ್ಣ ತರಗತಿ, ಸೆಮಿನಾರು, ಕೊನೆಗೊಂದು ಥೀಸಿಸ್ ಕೊಡುತ್ತಾರೆ. ಅಂಕ ಇಳಿದರೆ ಆನರ್ಸ್ ಪಟ್ಟಿಯಿಂದ ಹೆಸರು ಹೋಗುತ್ತದೆ.

ಈಗ ನಮ್ಮ ದೇಶದಲ್ಲಿ ಆನರ್ಸ್ ಅಂದರೆ ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರ ಡಿಸೆಂಬರ್‌ನಲ್ಲಿ ತಂದ ಚೌಕಟ್ಟು. ಮೂರು ವರ್ಷ, ಕನಿಷ್ಠ 120 ಕ್ರೆಡಿಟ್ ಮುಗಿಸಿದರೆ ಸಾದಾ ಪದವಿ. ನಾಲ್ಕು ವರ್ಷ, 160 ಕ್ರೆಡಿಟ್ ಆದರೆ ಆನರ್ಸ್. ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇಕಡಾ 75 ಅಥವಾ ಹೆಚ್ಚು ಅಂಕ ತೆಗೆದವರು ಸಂಶೋಧನೆ ಮಾಡುವುದಾದರೆ ಅವರ ಪದವಿಗೆ 'ಆನರ್ಸ್ ವಿತ್ ರಿಸರ್ಚ್' ಎಂದು ಹೆಸರು. ಒಂದು ಕ್ರೆಡಿಟ್ ಅಂದರೆ ಸೆಮಿಸ್ಟರಿಗೆ 15 ಗಂಟೆ ಪಾಠ.

ಕರ್ನಾಟಕ ಈ ಚೌಕಟ್ಟು ಬರುವ ಮೊದಲೇ, 2021-22ರಲ್ಲಿ, ನಾಲ್ಕು ವರ್ಷದ ಪದ್ಧತಿಗೆ ಕೈ ಹಾಕಿತು. ಎನ್‌ಇಪಿ ಅಂದಿದ್ದು ಅದಕ್ಕೇ. ಮೂರು ಬ್ಯಾಚು ಆ ಪದ್ಧತಿಯಲ್ಲಿ ಸೇರಿದವು. 2024ರ ಮೇ ತಿಂಗಳಲ್ಲಿ ಸರ್ಕಾರ ಆದೇಶ ಮಾಡಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ನಮ್ಮ ಜಿಲ್ಲೆಯ ಡಿಗ್ರಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಹಾಗಾಗಿ ಈಗ ಪಿಯುಸಿ ಮುಗಿಸಿ ಊರಿನ ಕಾಲೇಜಿಗೆ ಸೇರುವ ಹುಡುಗನ ಪಾಲಿಗೆ ಬರುವುದು ಮೂರು ವರ್ಷದ ಬಿ.ಕಾಂ. ಅಥವಾ ಬಿಬಿಎ. ನಾಲ್ಕು ವರ್ಷದ ಆನರ್ಸ್ ಬೇಕು ಎಂದಾದರೆ ಖಾಸಗಿ ಅಥವಾ ಡೀಮ್ಡ್ ವಿಶ್ವವಿದ್ಯಾಲಯ ಹುಡುಕಬೇಕು, ಇಲ್ಲವೇ ರಾಜ್ಯದ ಗಡಿ ದಾಟಬೇಕು. ಕಾರವಾರದವರಿಗೆ ಗಡಿ ಅಂದರೆ ಗೋವಾ ಹಾದಿಯ ಮಾಜಾಳಿ ಚೆಕ್‌ಪೋಸ್ಟು, ಅಷ್ಟೇ.

ನಾಲ್ಕನೇ ವರ್ಷದಲ್ಲಿ ಓದುವುದಾದರೂ ಏನು?

ಇದನ್ನು ಯಾರೂ ಕೇಳುವುದಿಲ್ಲ. ಫೀ ಎಷ್ಟು, ಹಾಸ್ಟೆಲ್ ಇದೆಯಾ, ಪ್ಲೇಸ್‌ಮೆಂಟ್ ಹೇಗೆ ಎಂದು ಕೇಳುತ್ತಾರೆ. ಆದರೆ ಇಡೀ ಹೋಲಿಕೆ ನಿಂತಿರುವುದೇ ಇದರ ಮೇಲೆ.

ನಾಲ್ಕನೇ ವರ್ಷಕ್ಕೆ 40 ಕ್ರೆಡಿಟ್. ಮೇಲ್ಮಟ್ಟದ ಫೈನಾನ್ಸ್, ಅಕೌಂಟಿಂಗ್, ಮಾರ್ಕೆಟಿಂಗ್ ಪೇಪರುಗಳಿರುತ್ತವೆ. ಸಂಶೋಧನಾ ವಿಧಾನ ಮತ್ತು ಅಂಕಿಸಂಖ್ಯೆಗೆ ಹೆಚ್ಚು ತೂಕ. ರಿಸರ್ಚ್ ಆರಿಸಿದವರಿಗೆ 12 ಕ್ರೆಡಿಟ್‌ನ ಒಂದು ಪ್ರಬಂಧ. ಆರಿಸದವರು ಅದರ ಬದಲು ಅಷ್ಟೇ ಕ್ರೆಡಿಟ್‌ನ ಬೇರೆ ಪೇಪರು ಓದಬೇಕು. ಮೂರು ವರ್ಷ ಪುಸ್ತಕದ ಲೆಕ್ಕ ಮಾಡಿದವರು ಮೊದಲ ಸಲ ಉತ್ತರವಿಲ್ಲದ ಲೆಕ್ಕಕ್ಕೆ ಕೈ ಹಾಕುವುದು ಇಲ್ಲಿ.

ಹೇಗಿರುತ್ತದೆ ಎಂದು ಒಂದು ಉದಾಹರಣೆ ಹೇಳುತ್ತೇನೆ. ಎನ್‌ಇಪಿ ಮೊದಲ ಬ್ಯಾಚಿನ ಒಬ್ಬಳು ಹುಡುಗಿ, ನಮ್ಮ ಸಂಬಂಧಿಕರ ಕೂಸು, ಹೊರಗಿನ ಊರಲ್ಲಿ ನಾಲ್ಕನೇ ವರ್ಷ ಓದುತ್ತಿದ್ದಳು. ಪ್ರಬಂಧಕ್ಕೆ ಅಡಿಕೆ ವಿಷಯ ತೆಗೆದುಕೊಂಡಿದ್ದಳು. ತೋಟದವರು ಹಸಿ ಅಡಿಕೆ ಕೊಯ್ದು, ಸುಲಿದು, ಬೇಯಿಸಿ ಕೆಂಪಡಿಕೆ ಮಾಡುವುದು ಲಾಭವೋ, ಹಣ್ಣಾಗಲು ಬಿಟ್ಟು ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುವುದು ಲಾಭವೋ? ಶಿರಸಿಯಲ್ಲಿ ಇದು ಊಟದ ಪಂಕ್ತಿಯಲ್ಲೂ ನಡೆಯುವ ಚರ್ಚೆ. ಶಿರಸಿ ಸುಪಾರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಮೇಲಂತೂ ಕೇಳಬೇಡಿ.

ಒಂದು ದಿನ ಒಂದು ಪ್ಲಾಸ್ಟಿಕ್ ಕೊಟ್ಟೆ ತಂದು ನನ್ನ ಮುಂದೆ ಸುರಿದಳು. ಅಜ್ಜನ ಕಾಲದಿಂದ ತಂತಿಗೆ ಚುಚ್ಚಿಟ್ಟ, ಅಡಿಕೆ ಮಾರಿದಾಗ ಸಿಕ್ಕ ಪಟ್ಟಿಗಳು. ಪ್ರತಿಯೊಂದರ ನಡುವೆ ಒಂದು ತೂತು, ತೂತಿನ ಸುತ್ತ ತುಕ್ಕಿನ ಉಂಗುರ. ತಾರೀಕು, ಅಡಿಕೆ ಜಾತಿ, ತೂಕ, ದರ, ದಲಾಲಿ, ಹಮಾಲಿ, ಕೊನೆಗೆ ಕೈಗೆ ಬಂದ ಹಣ. ಕೆಲವು ಪಟ್ಟಿಯಲ್ಲಿ ದರದ ಮೇಲೇ ತೂತು ಬಿದ್ದು ಅಂಕಿ ಹಾರಿಹೋಗಿತ್ತು. ಅವನ್ನು ಎಂತ ಮಾಡುವುದು ಅಕ್ಕಾ ಎಂದು ಕೇಳಿದಳು. ಬಿಟ್ಟುಬಿಡುವುದಾ, ಉಳಿದ ಅಂಕಿಯಿಂದ ಲೆಕ್ಕ ಹಾಕಿ ತುಂಬುವುದಾ? ಬಿಟ್ಟರೆ ಎಷ್ಟು ಬಿಟ್ಟೆ ಎಂದು ಪ್ರಬಂಧದಲ್ಲಿ ಬರೆಯಬೇಕಾ? ಮೂರು ವರ್ಷದ ಬಿ.ಕಾಂ.ನಲ್ಲಿ ಈ ಪ್ರಶ್ನೆ ಬರುವುದೇ ಅಪರೂಪ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಅಂಕಿಗೆ ತೂತು ಬಿದ್ದಿರುವುದಿಲ್ಲವಲ್ಲ.

ಅವಳು ಮೊದಲು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದು. ಒಂದು ವರ್ಷದ ದರಗಳನ್ನೆಲ್ಲ ಕೂಡಿಸಿ ಪಟ್ಟಿಗಳ ಸಂಖ್ಯೆಯಿಂದ ಭಾಗಿಸಿದ್ದಳು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಒಂದು ಸಲ 3 ಕ್ವಿಂಟಲ್ ಅಡಿಕೆ ಕ್ವಿಂಟಲಿಗೆ 40,000 ರೂಪಾಯಿಯಂತೆ ಹೋಯಿತು. ಇನ್ನೊಂದು ಸಲ ಬರೀ 50 ಕೆ.ಜಿ., ದರ 47,000. ಸುಮ್ನೆ ಸರಾಸರಿ ತೆಗೆದರೆ 43,500. ನಿಜವಾಗಿ ಕೈಗೆ ಬಂದಿದ್ದು ಮೂರೂವರೆ ಕ್ವಿಂಟಲಿಗೆ 1,43,500 ರೂಪಾಯಿ. ಅಂದರೆ ಕ್ವಿಂಟಲಿಗೆ 41,000. ಎರಡೂವರೆ ಸಾವಿರ ರೂಪಾಯಿ ಎಲ್ಲಿಂದಲೋ ಹುಟ್ಟಿಕೊಂಡಿತ್ತು! ತೂಕದ ಸರಾಸರಿ ಅನ್ನುವುದನ್ನು ಅವಳು ಮೊದಲ ವರ್ಷವೇ ಓದಿದ್ದಳು, ಅದರಲ್ಲಿ ಅಂಕವೂ ತೆಗೆದಿದ್ದಳು. ಅದು ಎಲ್ಲಿ ಬೇಕಾಗುತ್ತದೆ ಎಂದು ಗೊತ್ತಾಗಿದ್ದು ಅಜ್ಜನ ಪಟ್ಟಿ ಮುಂದೆ ಕೂತಾಗ.

ಅದಾದ ಮೇಲೆ ಹಣದುಬ್ಬರದ ಗೋಳು. ಹತ್ತು ವರ್ಷದ ಹಿಂದಿನ ದರವನ್ನೂ ಈ ವರ್ಷದ ದರವನ್ನೂ ಹಾಗೇ ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ. ಆಮೇಲೆ ಖರ್ಚು. ಸುಲಿಯುವ ಕೂಲಿ, ಬೇಯಿಸುವ ಕಟ್ಟಿಗೆ, ಗೊನೆ ಕೊಯ್ಯುವ ಕೊನೆಗೌಡನ ಸಂಬಳ ಯಾವುದೂ ಪಟ್ಟಿಯಲ್ಲಿ ಇರುವುದಿಲ್ಲ. ಅದಕ್ಕೆ ಮನೆ ಮನೆಗೆ ಹೋಗಿ ಕೇಳಬೇಕು. ಕೇಳಿದರೆ ಒಬ್ಬರು ಮನೆಯವರ ದುಡಿಮೆಗೂ ಕೂಲಿ ಹಿಡಿದು ಹೇಳುತ್ತಾರೆ, ಇನ್ನೊಬ್ಬರು ಹಿಡಿಯುವುದಿಲ್ಲ. ಒಂದು ಮನೆಯಲ್ಲಿ ಆಯಿ ಮತ್ತು ದೊಡ್ಡಾಯಿ ರಾತ್ರಿ ಹನ್ನೊಂದರವರೆಗೆ ಸುಲಿದ ಅಡಿಕೆಗೆ ಬೆಲೆಯೇ ಇಲ್ಲ ಎಂದು ಬರೆದುಕೊಂಡು ಬಂದಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, "ಅವರು ಮನೆಯವರೇ ಅಲ್ವಾ" ಅಂದಳು. ಅವತ್ತು ನಾವಿಬ್ಬರೂ ಒಂದು ತಾಸು ಅದನ್ನೇ ಮಾತಾಡಿದೆವು. ಇಡೀ ಪ್ರಬಂಧದಲ್ಲಿ ನನಗೆ ಇಷ್ಟವಾದದ್ದು ಆಮೇಲೆ ಅವಳು ಅದರ ಮೇಲೆ ಬರೆದ ನಾಲ್ಕು ಪುಟ.

ಇಂಥ ಕೆಲಸ ಮಾಡಿಸುವವರು ಇದ್ದರೆ ನಾಲ್ಕನೇ ವರ್ಷಕ್ಕೆ ಬೆಲೆ ಇದೆ. ಕಾರವಾರದ ಹುಡುಗನಿಗೆ ವಿಷಯ ಸಮುದ್ರದಲ್ಲೇ ಇದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬೋಟಿನ ಮಾಲೀಕ ಸಾಲದ ಕಂತು ಎಲ್ಲಿಂದ ಕಟ್ಟುತ್ತಾನೆ? ಬಲೆ ರಿಪೇರಿಗೆ ಹಣ ಯಾರು ಕೊಡುತ್ತಾರೆ, ಯಾವ ಶರತ್ತಿನ ಮೇಲೆ? ದುಡಿಯುವ ಬಂಡವಾಳದ (ವರ್ಕಿಂಗ್ ಕ್ಯಾಪಿಟಲ್) ಅಧ್ಯಾಯ ಪೂರ್ತಿ ಬೈತಖೋಲ್ ಬಂದರಿನ ದಕ್ಕೆಯ ಮೇಲೇ ಕೂತಿದೆ.

ಆದರೆ ಗೈಡ್ ಮಾಡುವವರು ಇಲ್ಲದಿದ್ದರೆ? ಗೂಗಲ್ ಫಾರ್ಮ್ ಮಾಡಿ ವಾಟ್ಸ್ಯಾಪ್ ಗ್ರೂಪಿಗೆ ಹಾಕಿ, ನೂರು ಜನ ಗೆಳೆಯರಿಂದ ತುಂಬಿಸಿ, 'ಆನ್‌ಲೈನ್ ಖರೀದಿಯ ಬಗ್ಗೆ ಗ್ರಾಹಕರ ಮನೋಭಾವ' ಎಂದು ಬೈಂಡ್ ಮಾಡಿ ಕೊಡುತ್ತಾರೆ. ನಾನು ಅಂಥವು ಎಷ್ಟೋ ನೋಡಿದ್ದೇನೆ. ಹೆಸರು, ರಿಜಿಸ್ಟರ್ ನಂಬರ್ ಬದಲಾಯಿಸಿದರೆ ಮುಂದಿನ ವರ್ಷಕ್ಕೂ ನಡೆಯುತ್ತದೆ. ಅದಕ್ಕೆ ಒಂದು ವರ್ಷದ ಫೀ, ರೂಮ್ ಬಾಡಿಗೆ, ಮೆಸ್ ಬಿಲ್ಲು ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಊರಿನ ಮೂರು ವರ್ಷ

ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ ನಮ್ಮೂರ ಕಾಲೇಜು ಅಂದರೆ ಒಂದು ತಾತ್ಸಾರ. ಕಾರವಾರದ ದಿವೇಕರ ಕಾಮರ್ಸ್ ಕಾಲೇಜು, ಕುಮಟಾದ ಬಾಳಿಗಾ ಕಾಮರ್ಸ್ ಕಾಲೇಜು ಎಷ್ಟೋ ಬ್ಯಾಂಕ್ ಮ್ಯಾನೇಜರರನ್ನೂ ಆಡಿಟರುಗಳನ್ನೂ ಕಂಡಿವೆ. ತಾಲೂಕು ತಾಲೂಕಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜೂ ಇದೆ. ಫೀ ಕಡಿಮೆ. ಮನೆ ಊಟ. ಬಸ್ ಪಾಸ್ ಇದೆ. 2023ರ ಜೂನ್‌ನಿಂದ ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಪುಕ್ಕಟೆ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಮಗಳು ಬಿ.ಕಾಂ. ಮುಗಿಸುತ್ತಾಳಾ ಇಲ್ಲವಾ ಎಂದು ತೀರ್ಮಾನ ಆಗುವುದೇ ಬಸ್ಸಿನ ಮೇಲೆ. ಕಾಲೇಜಿನ ರ‍್ಯಾಂಕಿಂಗ್ ಯಾರೂ ನೋಡುವುದಿಲ್ಲ.

ಮೂರು ವರ್ಷದ ಡಿಗ್ರಿಗೆ ಏನೂ ಸಿಗುವುದಿಲ್ಲ ಅನ್ನುವುದು ಸುಳ್ಳು. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಗೆ, ಕ್ಲರ್ಕ್ ಇರಲಿ ಪಿಒ (ಪ್ರೊಬೇಷನರಿ ಆಫೀಸರ್) ಇರಲಿ, ಯಾವುದೇ ಪದವಿ ಸಾಕು. ಕೆಎಎಸ್‌ಗೂ ಅಷ್ಟೇ. ಎಂಬಿಎ ಮಾಡಲು ಸಿಎಟಿ ಬರೆಯುವುದಾದರೂ ಮೂರು ವರ್ಷದ ಪದವಿ ಆಗುತ್ತದೆ, ಸಾಮಾನ್ಯ ವರ್ಗಕ್ಕೆ ಶೇಕಡಾ 50 ಅಂಕ ಬೇಕು. ಇಲ್ಲೆಲ್ಲ ಆನರ್ಸ್‌ಗೆ ಒಂದು ಅಂಕವೂ ಹೆಚ್ಚು ಕೊಡುವುದಿಲ್ಲ. ಬ್ಯಾಂಕ್ ಪರೀಕ್ಷೆಗೆ ಹೋಗುವ ಹುಡುಗನಿಗೆ ನಾಲ್ಕನೇ ವರ್ಷ ಅಂದರೆ ಸುಮ್ನೆ ಒಂದು ವರ್ಷ ತಡ. ಆ ವರ್ಷ ಮನೆಯಲ್ಲಿ ಕೂತು ರೀಸನಿಂಗ್, ಗಣಿತ ತಿಕ್ಕಿದರೆ ಕೆಲಸ ಸಿಗುವ ಸಾಧ್ಯತೆ ಜಾಸ್ತಿ. ಸಹಕಾರಿ ಸಂಘ, ಸೊಸೈಟಿ, ಮನೆಯ ಅಂಗಡಿ ಎಂದು ಯೋಚಿಸುವವರಿಗೂ ಇದೇ ಮಾತು.

ಬಿ.ಕಾಂ.ಗೂ ಬಿಬಿಎಗೂ ವ್ಯತ್ಯಾಸ ಕೇಳುವವರಿಗೆ ಬೇಗ ಹೇಳಿಬಿಡುತ್ತೇನೆ. ಲೆಕ್ಕಪತ್ರ, ತೆರಿಗೆ, ಆಡಿಟ್, ಕಾನೂನು ಬೇಕಾದರೆ ಬಿ.ಕಾಂ. ಮಾರ್ಕೆಟಿಂಗ್, ಎಚ್‌ಆರ್, ಮ್ಯಾನೇಜ್‌ಮೆಂಟ್ ಕಡೆ ಮನಸ್ಸಿದ್ದು ಮುಂದೆ ಎಂಬಿಎ ಖಚಿತ ಅನ್ನುವವರಿಗೆ ಬಿಬಿಎ. 2024-25ರಿಂದ ಬಿಬಿಎ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ವ್ಯಾಪ್ತಿಗೆ ಬಂದಿದೆ. ಸೇರುವ ಕಾಲೇಜಿಗೆ ಅದರ ಅನುಮೋದನೆ ಇದೆಯಾ ಎಂದು ನೋಡಿ. ಗೊಂದಲ ಇದ್ದರೆ ಬಿ.ಕಾಂ. ಸೇರಿ. ಬಿ.ಕಾಂ. ಮಾಡಿ ಎಂಬಿಎ ಮಾಡಿದವರು ಬೇಕಾದಷ್ಟು ಜನ ಇದ್ದಾರೆ.

ಹಾಗಾದರೆ ನಾಲ್ಕನೇ ವರ್ಷ ಯಾರಿಗೆ? ಲೆಕ್ಕ ಹೀಗೆ. ಮೂರು ವರ್ಷದ ಬಿ.ಕಾಂ. ಮೇಲೆ ಎರಡು ವರ್ಷದ ಎಂ.ಕಾಂ., ಒಟ್ಟು ಐದು. ನಾಲ್ಕು ವರ್ಷದ ಆನರ್ಸ್ ಮೇಲೆ ಯುಜಿಸಿ ಚೌಕಟ್ಟಿನ ಪ್ರಕಾರ ಒಂದು ವರ್ಷದ ಎಂ.ಕಾಂ., ಅಲ್ಲಿಗೂ ಐದೇ. ಹಾಗಾಗಿ ಎಂ.ಕಾಂ. ಮಾಡುವುದು ಖಚಿತ ಇದ್ದವರು ಇದಕ್ಕೆ ತಲೆ ಬಿಸಿ ಮಾಡಿಕೊಳ್ಳಬೇಕಿಲ್ಲ. ಆದರೆ ಒಂದು ವರ್ಷದ ಎಂ.ಕಾಂ. ಎಲ್ಲ ಕಡೆ ಇರುವುದಿಲ್ಲ. ಎರಡು ವರ್ಷದ್ದಕ್ಕೇ ಸೇರಬೇಕಾಗಿ ಬಂದರೆ ಐದು ಹೋಗಿ ಆರಾಗುತ್ತದೆ.

ಪಿಎಚ್.ಡಿ. ಕನಸಿದ್ದರೆ ಮಾತ್ರ ವ್ಯತ್ಯಾಸ ದೊಡ್ಡದು. ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಬಂದರೆ ಸ್ನಾತಕೋತ್ತರ ಇಲ್ಲದೆಯೇ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು ಎಂದು 2022ರ ಯುಜಿಸಿ ನಿಯಮ ಹೇಳುತ್ತದೆ. ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನುವವರು ಇದನ್ನು ಕೇಳಿ ಹಿಗ್ಗಬೇಡಿ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕೇ ಬೇಕು.

ಇನ್ನೊಂದು, ವಿದೇಶ. ಇದು ನನ್ನದೇ ಕಥೆ. ಬಿ.ಕಾಂ. ಮುಗಿಸಿದಾಗ ಅಮೆರಿಕದಲ್ಲಿ ಓದುವ ಹುಚ್ಚು ಹತ್ತಿತ್ತು. ಶಾಲೆ, ಪಿಯುಸಿ ಸೇರಿ 12 ವರ್ಷ, ಡಿಗ್ರಿ 3, ಒಟ್ಟು 15. ನಾನು ನೋಡಿದ ವಿಶ್ವವಿದ್ಯಾಲಯಗಳೆಲ್ಲ 16 ವರ್ಷದ ಓದು ಕೇಳುತ್ತಿದ್ದವು. ಅಪ್ಪಯ್ಯ ಲೆಕ್ಕ ಕೇಳಿ, "ಒಂದು ವರ್ಷಕ್ಕೆ ಹೋಗಿ ಎಲ್ಲ ಬಿಡ್ತ್ವನೇ" ಎಂದು ನಕ್ಕಿದ್ದರು. ಎಂ.ಕಾಂ. ಮಾಡಿದೆ, ಅಷ್ಟರಲ್ಲಿ ಹುಚ್ಚು ಇಳಿದಿತ್ತು. ಈಗಲೂ ಅಮೆರಿಕದ ಹಲವು ಕಡೆ ನಾಲ್ಕು ವರ್ಷದ ಪದವಿ ಇದ್ದವರಿಗೆ ದಾರಿ ಸಲೀಸು. ಇಂಗ್ಲೆಂಡಿನಲ್ಲಿ ಮೂರು ವರ್ಷದ ಪದವಿ ಸಾಮಾನ್ಯವಾಗಿ ನಡೆಯುತ್ತದೆ.

ಮಾಜಾಳಿ ದಾಟಿದರೆ

ಕಾರವಾರ, ಸದಾಶಿವಗಡ, ಮಾಜಾಳಿ ಕಡೆಯವರಿಗೆ ಗೋವಾ ಪರದೇಶವಲ್ಲ. ಮನೆಮಾತು ಕೊಂಕಣಿ. ಕಾಣಕೋಣದಲ್ಲಿ ನೆಂಟರು. ಗೋವಾ ವಿಶ್ವವಿದ್ಯಾಲಯ 2023-24ರಿಂದ ನಾಲ್ಕು ವರ್ಷದ ಪದ್ಧತಿಗೆ ಬಂದಿದೆ. ಮೂರು ವರ್ಷಕ್ಕೆ ಪದವಿ ತೆಗೆದುಕೊಂಡು ಹೊರಬೀಳಬಹುದು, ಇಲ್ಲವೇ ನಾಲ್ಕನೇ ವರ್ಷ ಮುಂದುವರಿಸಬಹುದು. ಇದು ಒಳ್ಳೆಯದು. ಹದಿನೆಂಟನೇ ವಯಸ್ಸಿಗೇ ಎಲ್ಲ ತೀರ್ಮಾನ ಮಾಡಬೇಕಿಲ್ಲ.

ಕಷ್ಟ ಇರುವುದು ದಿನಾ ಓಡಾಡುವುದರಲ್ಲಿ. ಕಾರವಾರದಿಂದ ಮಡಗಾಂವ್ ಹತ್ತಿರ ಹತ್ತಿರ 70 ಕಿಲೋಮೀಟರ್. ರೈಲು ಇದೆ ಅನ್ನುತ್ತಾರೆ. ಆದರೆ ಕಾರವಾರ ಸ್ಟೇಷನ್ನು ಇರುವುದು ಊರ ಹೊರಗೆ ಶಿರವಾಡದಲ್ಲಿ. ಬೆಳಿಗ್ಗೆ ಅಲ್ಲಿಗೆ ಮುಟ್ಟುವುದೇ ಒಂದು ಕೆಲಸ. ಮಳೆಗಾಲ ಬೇರೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದ್ದು, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿದ್ದಿದ್ದು ಯಾರೂ ಮರೆತಿಲ್ಲ. ಅಟೆಂಡೆನ್ಸ್ ಶೇಕಡಾ 75 ಕೇಳುವ ಕಡೆ ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಹೋಗುವುದಾದರೆ ಅಲ್ಲೇ ರೂಮು ಮಾಡುವುದು ವಾಸಿ. ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್ ಮಡಗಾಂವ್‌ವರೆಗೆ ನಡೆಯುವುದಿಲ್ಲ. ನಮ್ಮ ರಾಜ್ಯದ ಸ್ಕಾಲರ್‌ಶಿಪ್ ಹೊರರಾಜ್ಯದ ಕಾಲೇಜಿಗೆ ಸಿಗುತ್ತದಾ ಎಂದು ಅಡ್ಮಿಷನ್‌ಗೆ ಮೊದಲೇ ತಾಲೂಕಿನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಚೇರಿಯಲ್ಲಿ ಕೇಳಿಕೊಳ್ಳಿ. ಆಮೇಲೆ ಕೇಳಿದರೆ ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಗೋವಾಕ್ಕಿಂತ ಹುಬ್ಬಳ್ಳಿ, ಮಂಗಳೂರು, ಬೆಂಗಳೂರು ಸಲೀಸು. ಅಲ್ಲಿಯ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಕೆಲವು ನಾಲ್ಕು ವರ್ಷದ ಬಿ.ಕಾಂ., ಬಿಬಿಎ ನಡೆಸುತ್ತವೆ. ಫೀ ಕೇಳಿದರೆ ಎರಡು ವರ್ಷದ ಅಡಿಕೆ ಬೆಳೆ ನೆನಪಾಗುತ್ತದೆ.

ಮನೆ ಬಿಡಲಾಗದವರಿಗೆ ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿ.ಕಾಂ. ಇದೆ. 2022ರಿಂದ ಯುಜಿಸಿ ಒಂದೇ ಹೊತ್ತಿಗೆ ಎರಡು ಪದವಿ ಓದಲು ಒಪ್ಪಿದೆ. ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ ಮಾಡಬಹುದು. ಆದರೆ ಪ್ರಬಂಧದ ವರ್ಷವನ್ನು ಅಂಚೆಯಲ್ಲಿ ಕಲಿಯುವುದು ಕಷ್ಟ. ನಾನು ಯಾರಿಗೂ ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಸಿಎ ಮಾಡುವವರು ಆನರ್ಸ್ ಮರೆತುಬಿಡಿ

ನಮ್ಮ ಕಡೆ ಕಾಮರ್ಸ್ ಅಂದರೆ ಅರ್ಧ ಜನರ ಮನಸ್ಸಿನಲ್ಲಿ ಸಿಎ. ಮನೆಗೊಬ್ಬ ಸಿಎ ಬೆಂಗಳೂರಿನಲ್ಲಿ ಇದ್ದೇ ಇರುತ್ತಾನೆ. ಹಬ್ಬಕ್ಕೆ ಬಂದಾಗ ಅವನನ್ನು ನೋಡಿಯೇ ಮುಂದಿನ ಬ್ಯಾಚು ತಯಾರಾಗುವುದು.

ಇಲ್ಲಿ ಎರಡು ದಾರಿ. ಪಿಯುಸಿ ಆದ ಕೂಡಲೇ ಸಿಎಯ ಮೊದಲ ಹಂತದ ಪರೀಕ್ಷೆ ಫೌಂಡೇಶನ್ ಬರೆಯುವುದು ಒಂದು. ನಾಲ್ಕು ಪೇಪರು, ಪ್ರತಿಯೊಂದರಲ್ಲಿ ಶೇಕಡಾ 40, ಒಟ್ಟಿನಲ್ಲಿ 50. ಇನ್ನೊಂದು, ಬಿ.ಕಾಂ.ನಲ್ಲಿ ಶೇಕಡಾ 55 ತೆಗೆದು ನೇರವಾಗಿ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಸೇರುವುದು. ಬಿಬಿಎಯವರು ಅಕೌಂಟಿಂಗ್, ತೆರಿಗೆ, ಕಾನೂನು, ಮ್ಯಾನೇಜ್‌ಮೆಂಟ್ ಥರದ ನಿಗದಿತ ವಿಷಯಗಳಲ್ಲಿ ಕನಿಷ್ಠ ಮೂರು ಪೇಪರು ಓದಿದ್ದರೆ ಅವರಿಗೂ 55. ಕಾಮರ್ಸ್ ಅಲ್ಲದವರಿಗೆ 60. 2023ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಇಂಟರ್‌ಗೆ ಆರು ಪೇಪರು, ಫೈನಲ್‌ಗೆ ಆರು, ಆಡಿಟರ ಕೈಕೆಳಗಿನ ತರಬೇತಿ, ಅಂದರೆ ಆರ್ಟಿಕಲ್‌ಶಿಪ್, ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ.

ಇದರ ಜೊತೆ ನಾಲ್ಕನೇ ವರ್ಷದ ಆನರ್ಸ್ ಹೊರಲು ಆಗುವುದಿಲ್ಲ. ಹೊರುವುದು ಬೇಕಾಗಿಯೂ ಇಲ್ಲ. 2021ರಲ್ಲೇ ಯುಜಿಸಿ ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಸಿಎಂಎ (ಕಾಸ್ಟ್ ಅಕೌಂಟೆಂಟ್) ಅರ್ಹತೆಗಳನ್ನು ಸ್ನಾತಕೋತ್ತರ ಪದವಿಗೆ ಸಮ ಎಂದು ಒಪ್ಪಿದೆ. ಸಿಎ ಆಗುವವರಿಗೆ ಬೇಕಾದದ್ದು ಹಾಜರಿಯ ಕಿರಿಕಿರಿ ಕಡಿಮೆ ಇರುವ, ಬೆಳಗಿನ ತರಗತಿ ಇರುವ ಸಾದಾ ಬಿ.ಕಾಂ. ಆರ್ಟಿಕಲ್‌ಶಿಪ್ ಶುರುವಾದ ಮೇಲೆ ಬೇರೆ ಕೋರ್ಸ್ ಓದುವುದಾದರೆ ಸಿಎ ಪರೀಕ್ಷೆ ನಡೆಸುವ ಐಸಿಎಐ ಅನುಮತಿ ಬೇಕು ಅನ್ನುವುದು ತಲೆಯಲ್ಲಿರಲಿ. ಶಿರಸಿ, ಕಾರವಾರದಲ್ಲೂ ಆಡಿಟರ್ ಆಫೀಸುಗಳಿವೆ. ಅಲ್ಲಿ ಸಹಕಾರಿ ಸಂಘಗಳ ಆಡಿಟ್, ಜಿಎಸ್‌ಟಿ ಕೈಯಾರೆ ಕಲಿಯಬಹುದು. ದೊಡ್ಡ ಕಂಪನಿಯ ಲೆಕ್ಕ ನೋಡಬೇಕಾದರೆ ಬೆಂಗಳೂರೇ.

ಕಾಲೇಜಿಗೆ ಹೋಗಿ ಕೇಳಬೇಕಾದದ್ದು

ನಾಲ್ಕು ವರ್ಷದ ಕೋರ್ಸಿಗೇ ಮನಸ್ಸಾಗಿದ್ದರೆ ಪ್ರಾಸ್ಪೆಕ್ಟಸ್ ನಂಬಿ ದುಡ್ಡು ಕಟ್ಟಬೇಡಿ. ನನ್ನ ತಮ್ಮ ಹಾಗೆ ಕಟ್ಟಿದವ. ದೊಡ್ಡ ಊರಿನ ಒಂದು ಕಾಲೇಜು, ಹೆಸರು ಬೇಡ. ಪ್ರಾಸ್ಪೆಕ್ಟಸ್‌ನಲ್ಲಿ ಬಣ್ಣದ ಅಕ್ಷರದಲ್ಲಿ ಆನರ್ಸ್ ಎಂದಿತ್ತು. ಮೂರನೇ ವರ್ಷ ಮುಗಿಯುವ ಹೊತ್ತಿಗೆ ಮುಂದುವರಿಯುತ್ತೇವೆ ಎಂದವರು ಅವನೂ ಸೇರಿ ಆರೇ ಜನ. ಆರು ಜನಕ್ಕೆ ತರಗತಿ ನಡೆಸಲು ಆಗುವುದಿಲ್ಲ, ಬೇರೆ ಕಾಲೇಜು ನೋಡಿಕೊಳ್ಳಿ ಅಂದರು. ಜೂನ್ ತಿಂಗಳು ಪೂರ್ತಿ ಅವನು ಟಿಸಿ, ಮಾರ್ಕ್ಸ್‌ಕಾರ್ಡ್ ಹಿಡಿದುಕೊಂಡು ಮಳೆಯಲ್ಲಿ ಅಲೆದ. ಕೊನೆಗೆ ಮೂರು ವರ್ಷದ ಡಿಗ್ರಿಯಲ್ಲೇ ಹೊರಬಂದು ಎಂ.ಕಾಂ. ಸೇರಿದ.

ಹಾಗಾಗಿ ನಾನು ಮೊದಲು ಕೇಳಿಸುವ ಪ್ರಶ್ನೆ ಇದೇ: ಹೋದ ವರ್ಷ ನಾಲ್ಕನೇ ವರ್ಷದಲ್ಲಿ ಎಷ್ಟು ಜನ ಓದಿದರು? ಉತ್ತರ ಬರುವಾಗ ಆಫೀಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಎದ್ದು ಬನ್ನಿ. ಪ್ರಬಂಧಕ್ಕೆ ಗೈಡ್ ಯಾರು, ಅವರಲ್ಲಿ ಪಿಎಚ್.ಡಿ. ಆದವರು ಎಷ್ಟು, ಒಬ್ಬರ ಕೈಕೆಳಗೆ ಎಷ್ಟು ಹುಡುಗರು? ಹಳೇ ಪ್ರಬಂಧ ಲೈಬ್ರರಿಯಲ್ಲಿದ್ದರೆ ಎರಡು ತೆಗೆಸಿ ನೋಡಿ. ಓದಲು ಬಾರದಿದ್ದರೂ ಪರವಾಗಿಲ್ಲ, ಎರಡರಲ್ಲೂ ಒಂದೇ ಪ್ರಶ್ನಾವಳಿ ಇದೆಯಾ ಎಂದು ಕಣ್ಣಿಗೆ ಕಾಣುತ್ತದೆ. ಶೇಕಡಾ 75 ಬರದಿದ್ದರೆ ರಿಸರ್ಚ್ ಇಲ್ಲದ ಆನರ್ಸ್‌ನಲ್ಲಿ ಯಾವ ಪೇಪರು ಕೊಡುತ್ತಾರೆ, ಮೂರನೇ ವರ್ಷಕ್ಕೆ ಹೊರಬಂದರೆ ಪದವಿಯ ಮೇಲೆ ಏನು ಬರೆದಿರುತ್ತದೆ ಎಂದೂ ಕೇಳಿ. ಇಷ್ಟನ್ನೂ ಬಾಯಿಮಾತಿನಲ್ಲಿ ಕೇಳಿಸಿಕೊಂಡು ಬರಬೇಡಿ. ವಿಶ್ವವಿದ್ಯಾಲಯದ ಪಠ್ಯಕ್ರಮದ ಪ್ರತಿ ಕೇಳಿ, ಏಳು ಮತ್ತು ಎಂಟನೇ ಸೆಮಿಸ್ಟರಿನ ಪುಟ ತೆಗೆಸಿ. ಆ ಪುಟವೇ ಇಲ್ಲದ ಪಠ್ಯಕ್ರಮವನ್ನೂ ನಾನು ನೋಡಿದ್ದೇನೆ.

ಹೆಗಡೇರ ಮಾಣಿಗೆ ಇಷ್ಟೆಲ್ಲ ಹೇಳುವ ಹೊತ್ತಿಗೆ ಮೊಬೈಲ್ ಕಿಸೆಗೆ ಹೋಗಿತ್ತು. ಮುಂದೆ ಎಂತ ಆಗಬೇಕು ಅಂತಿದ್ದೀಯೋ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಡಿಟರ್ ಆಪದು ಅಂತ ಇತ್ತು" ಅಂದ. ಹಾಗಾದರೆ ಆನರ್ಸ್ ಎಂತಕ್ಕೆ ಅಂದೆ. "ಅದು ದೊಡ್ಡಪ್ಪನ ಮಗ ಮಾಡ್ತಾ ಇದ್ದ ಅಂತ" ಎಂದು ನೆಲ ನೋಡಿದ. ಹೆಗಡೇರು ಕವಳದ ಸಂಚಿ ಎತ್ತಿಕೊಂಡರು. ಜುಲೈನಲ್ಲಿ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಬೆನ್ನಿನ ಬ್ಯಾಗಿನಲ್ಲಿ ಬಿ.ಕಾಂ. ಪುಸ್ತಕ, ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಫೌಂಡೇಶನ್ ಮಾಡ್ಯೂಲು. ಸಿದ್ದಾಪುರ ಬಸ್ಸು ಬಂತು, ಸೀಟು ಹಿಡಿಯಲು ಓಡಿದ.